ಎಡಗಡೆಯ ಲೋಟ

“ತಪಾಸಣೆಗೆ ಬಂದಿದ್ದೀನಿ. ಇಲ್ಲಿನ ಮೇಲ್ವಿಚಾರಕರು ಯಾರು?”

ಮಳವಳ್ಳಿಯ ಆ ವೃದ್ಧಾಶ್ರಮದ ಬಾಗಿಲಲ್ಲಿ ನಿಂತಿದ್ದ ಹೇಮಶ್ರೀಗೆ ಉತ್ತರ ಚೆನ್ನಾಗಿಯೇ ಗೊತ್ತಿತ್ತು. ಅಜ್ಜನೊಬ್ಬನ ಕಾಲುಗುರು ಕತ್ತರಿಸುತ್ತಿದ್ದ ಪ್ರೀತಂ ತಲೆಯೆತ್ತಿದ. ಅವನ ಮುಖ ಬಿಳಿಚಿಕೊಂಡಿತು.

“ಹೇಮಾ...”

“ಮೇಡಂ ಅನ್ನಿ.”

ಆರು ವರ್ಷದ ಹಿಂದಿನ ಮಾತು... ಭಾರತೀನಗರದ ಕಾಲೇಜಿಗೆ ಒಂದೇ ಬಸ್ಸಿನಲ್ಲಿ ಓಡಾಡಿ ಪ್ರೀತಿಸಿದವನು, ಹೆಣ್ಣು ನೋಡಲು ಬರುತ್ತೇನೆಂದ ದಿನ ಬರಲಿಲ್ಲ. ಫೋನೂ ಎತ್ತಲಿಲ್ಲ. ಶಿವಪುರದ ಮನೆಯಲ್ಲಿ ಕೇಸರಿಬಾತು ಸಂಜೆಯವರೆಗೂ ಮುಚ್ಚಿಟ್ಟಲ್ಲೇ ತಣ್ಣಗಾಯಿತು. “ಗಂಡು ದಾರಿ ತಪ್ಪುಸ್ಕಂಡ್ನೇನವ್ವ?” ಎಂದು ಪಕ್ಕದ ಮನೆಯ ಹೊಂಬಾಳಮ್ಮ ನಕ್ಕದ್ದು ಇನ್ನೂ ಕಿವಿಯಲ್ಲಿತ್ತು.

ಇವತ್ತು ಅವಳ ಕೈಯಲ್ಲಿ ತಪಾಸಣೆಯ ಪಟ್ಟಿಯಿತ್ತು. ‘ಆರೈಕೆಯಲ್ಲಿ ಅಸಡ್ಡೆ’ ಎಂದು ಅವಳು ಬರೆದರೆ ಆಶ್ರಮಕ್ಕೆ ಬೀಗ ಬೀಳುತ್ತಿತ್ತು.

‘ನನ್ನನ್ನು ಕಾಯಿಸಿದೆಯಲ್ಲ... ಈಗ ನೀನು ಬೀದಿಗೆ ಬಾ.’

ಒಂದೊಂದೇ ಹಾಸಿಗೆಯ ಬಳಿ ನಿಂತು ನೋಡಿದಳು. ಯಾರ ಹಿಮ್ಮಡಿಯಲ್ಲೂ ಮಲಗಿ ಮಲಗಿ ಆಗುವ ಹುಣ್ಣಿಲ್ಲ. ಹೊದಿಕೆಗಳಿಗೆ ಬಿಸಿಲಿನ ವಾಸನೆ. ಕಿವಿ ಕೇಳದ ಕರಿಸಿದ್ದಯ್ಯನಿಗೆ ತುಟಿ ಕಾಣುವಂತೆ ಎದುರಿಗೆ ಕುಳಿತು ಮಾತಾಡುತ್ತಿದ್ದಳು ಆಯಾ. ತಪ್ಪು ಸಿಗದಷ್ಟೂ ಹೇಮಶ್ರೀಯ ಸಿಟ್ಟು ಏರಿತು.

ಕೊನೆಯ ಹಾಸಿಗೆಯಲ್ಲಿ ಸಿಕ್ಕಿತು.

“ಎಲ್ಲರಿಗೂ ನೀರಿನ ಲೋಟ ಬಲಗಡೆ. ಈ ಅಜ್ಜಿಗೆ ಮಾತ್ರ ಎಡಗಡೆ. ಬಾಯಾರಿದ್ರೆ ಏನು ಮಾಡ್ಬೇಕು ಇವ್ರು?” ‘ಅಸಡ್ಡೆ’ ಎಂದು ಒತ್ತಿ ಬರೆದಳು.

ಪ್ರೀತಂ ಬಾಯಿ ತೆರೆಯುವ ಮೊದಲೇ ಆ ಅಜ್ಜಿ, ರೇವಮ್ಮ, ಎಡಗೈ ಚಾಚಿ ಲೋಟ ಎತ್ತಿ ನೀರು ಕುಡಿದರು. ಬಲಗೈ ಅಲುಗಲಿಲ್ಲ.

“ಲಕ್ವ ವಡ್ದು ಈ ಕೈ ಬಿದ್ದೋಗಿ ಆರು ವರ್ಸ ಆಯ್ತು ಕಣವ್ವ. ನನ್ ಮಗ ಇವನ್ಗೆ ಎಣ್ಣು ನೋಡಕೆ ಸಿವಪುರಕ್ಕೆ ಒಂಟಿದ್ದೊ. ಸೀರೆ ನೆರಿಗೆ ಇಡೀತಾ ಅಲ್ಲೇ ಬಿದ್ಬುಟ್ಟೆ. ಆ ಎಣ್ಮಗೀನ ಮೊಕಾನೂ ನೋಡ್ನಿಲ್ಲ. ನನ್ನ ಇಲ್ಲಿ ಸೇರುಸ್ದೋನು, ಬುಟ್ಟೋಗಕಾಗ್ದೆ ಇಲ್ಲೇ ಕೆಲ್ಸಕ್ಕೆ ನಿಂತ್ಕಂಡ.”

ಪೆನ್ನು ನಿಂತಿತು.

ಹೇಮಶ್ರೀ ಅಂಗಳಕ್ಕೆ ನಡೆದಳು. ಅವನು ಹಿಂದೆಯೇ ಬಂದ.

“ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?”

“ನಿನ್ ಕೆಲ್ಸದ ಪರೀಕ್ಷೆಗೆ ಎಂಟೇ ದಿನ ಇತ್ತು. ಹೇಳಿದ್ರೆ ನೀನು ಪುಸ್ತಕ ಎಸ್ದು ಆಸ್ಪತ್ರೆಗೆ ಬಂದು ಕೂತ್ಬುಡ್ತಿದ್ದೆ. ಆಮೇಲೆ... ಮೊಕ ತೋರ್ಸಕೆ ಧೈರ್ಯ ಬರ್ಲಿಲ್ಲ.”

“ನನ್ ಬದುಕು ತೀರ್ಮಾನ ಮಾಡಕೆ ನೀನ್ಯಾರ್ಲಾ?” ಕಣ್ಣು ತುಂಬಿತ್ತು. ಸಿಟ್ಟು ಮಾತ್ರ ಇಳಿದಿರಲಿಲ್ಲ.

“ತಪ್ಪಾಯ್ತು. ಸೇಡು ನನ್ ಮ್ಯಾಲೆ ತೀರುಸ್ಕೊ, ಇವರ್ನ ಬೀದಿಗೆ ಆಕ್ಬೇಡ. ನಿನ್ ಬುಟ್ಟು ಬೇರೆ ಯಾರ್ನೂ ನೋಡಿಲ್ಲ ಕಣೆ ನಾನು.”

ಅವಳು ‘ಅಸಡ್ಡೆ’ಯನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದಳು.

“ಸೇಡು ತೀರ್ತಾ?” ಮೆಲ್ಲಗೆ ಕೇಳಿದ.

“ಇಲ್ಲ. ಭಾನುವಾರ ಅವ್ವನ್ನ ಕರ್ಕೊಂಡು ಶಿವಪುರಕ್ಕೆ ಬಾ. ಅವ್ವ ಒಳಗೆ. ನೀನು ಸಂಜೆವರ್ಗೂ ಬಾಗ್ಲಲ್ಲಿ ನಿಂತಿರ್ಬೇಕು, ಹೊಂಬಾಳಮ್ಮ ನೋಡೋ ಹಂಗೆ.”

“ಸಂಜೆ ಒಳಕ್ಕೆ ಬುಡ್ತೀಯಾ?”

“ನೋಡಾಣ.” ಎರಡು ಹೆಜ್ಜೆ ನಡೆದು ತಿರುಗಿದಳು. “ಅವ್ವಂಗೆ ಲೋಟ ಎಡಗಡೆಗೇ ಇಟ್ಟಿರ್ತೀನಿ.”