ಓಗೊಟ್ಟವಳು

“ಕೈ ತೆಗಿ! ತೆಗಿ ಅಂದೆ!”

ದೊಡ್ಡಲಕ್ಷ್ಮಮ್ಮನ ಕೂಗಿಗೆ ಸೊಸೆ ಧನಲಕ್ಷ್ಮಿ ಬೆಚ್ಚಿಬಿದ್ದು ಕೈ ಹಿಂದಕ್ಕೆ ಎಳೆದುಕೊಂಡಳು. ಚೊಚ್ಚಲ ಹೆರಿಗೆಗೆಂದು ಮರಳವಾಡಿಯಿಂದ ಕುದೂರಿನ ತವರಿಗೆ ಬಂದಿದ್ದ ನಾದಿನಿ ಭಾನುಪ್ರಿಯಳೇ ಆ ಕೈಯನ್ನು ಹಿಡಿದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದಳು. ಬೆಳಗಿನಿಂದ ಕೂಸು ಮಿಸುಕಾಡಿಲ್ಲವೆಂದು ಹುಡುಗಿಗೆ ದಿಗಿಲು.

“ನಾನೇ ಕರ್ದಿದ್ದು ಕಣವ್ವ. ಅತ್ತಿಗೆ ನರ್ಸಲ್ವಾ, ಒಸಿ ನೋಡ್ಲಿ ಅಂತ...”

“ನೋಡಕ್ಕೆ ಡಾಕ್ಟ್ರವ್ರೆ. ರಾಮನಗರದ ನರ್ಸಿಂಗ್ ಹೋಮ್‌ನಾಗೆ ಹೆಸ್ರು ಬರ್ಸಿವ್ನಿ. ಮಡಿಲು ತುಂಬ್ದೇ ಇರೋಳ ಕೈ ಚೊಚ್ಚಲ ಬಸುರಿ ಮ್ಯಾಲೆ ಬೀಳಬಾರ್ದು. ಊರೋರ ಮಕ್ಳನ್ನ ಎಷ್ಟಾದ್ರೂ ಹಿಡ್ಕೊ, ಬ್ಯಾಡ ಅನ್ನಲ್ಲ. ನನ್ ಮಗಳ್ನ ಮಾತ್ರ ಬುಟ್ಬುಡು, ನಿನ್ ದಮ್ಮಯ್ಯ!”

ಧನಲಕ್ಷ್ಮಿ ಎದ್ದು ನಿಂತಳು. ಕೈ ತೆಗೆಯುವ ಮೊದಲು ಅವಳ ಅಂಗೈಗೆ ಕೂಸಿನ ಪುಟ್ಟ ಒದೆತ ತಾಗಿತ್ತು. “ಚೆನ್ನಾಗೈತೆ, ಹೆದರ್ಕೋಬ್ಯಾಡ ಭಾನು” ಎಂದಷ್ಟೇ ಹೇಳಿ ಅಡುಗೆಮನೆಗೆ ಹೋದಳು. ಅಲ್ಲಿ ಈರುಳ್ಳಿ ಹೆಚ್ಚುವ ನೆಪ ಇತ್ತು, ಅಳುವುದಕ್ಕೆ ಅಷ್ಟು ಸಾಕಾಯಿತು.

ಮದುವೆಯಾಗಿ ಹನ್ನೊಂದು ವರ್ಷ. ಎರಡು ಸಲ ಬಸಿರು ನಿಂತು, ಎರಡು ಸಲವೂ ನಾಲ್ಕನೇ ತಿಂಗಳಿಗೆ ಕರಗಿ ಹೋಗಿತ್ತು. ಮಾಗಡಿಯ ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಅವಳು ನರ್ಸು. ಎಷ್ಟು ಕೂಸುಗಳು ಅವಳ ಕೈಗೆ ಬಿದ್ದಿದ್ದವೋ ಅವಳಿಗೇ ಲೆಕ್ಕವಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಯಾರಾದರೊಬ್ಬಳು, “ಇವ್ನು ನೀವ್ ಹಿಡಿದ ಕೂಸು ಸಿಸ್ಟರ್” ಎಂದು ಮಗುವನ್ನು ಮುಂದೆ ತಳ್ಳುತ್ತಿದ್ದಳು. ಅದೇ ಹೆಂಗಸರು ತೊಟ್ಟಿಲ ಶಾಸ್ತ್ರಕ್ಕೆ ಊರನ್ನೆಲ್ಲ ಕರೆಯುವಾಗ ಸಿಸ್ಟರನ್ನು ಮರೆಯುತ್ತಿದ್ದರು. ಮರೆಯುವುದೆಂದರೆ ಏನು, ಬೇಕೆಂದೇ ಮರೆಯುವುದು! ಮಕ್ಕಳಿಲ್ಲದವಳು ತೊಟ್ಟಿಲ ಹತ್ತಿರ ಬಂದರೆ ಯಾರಿಗೋ ಕಸಿವಿಸಿ. ಧನಲಕ್ಷ್ಮಿಗೆ ಅದೆಲ್ಲ ಗೊತ್ತಿತ್ತು. ಆದರೂ ಒಂದೇ ಒಂದು ಸಲ, ಒಂದೇ ಒಂದು ಕೂಸನ್ನು ಹೂವು ಕಟ್ಟಿದ ತೊಟ್ಟಿಲಿಗೆ ತಾನು ಹಾಕಬೇಕು, ಹೆಂಗಸರೆಲ್ಲ ಜೋಗುಳ ಹಾಡುವಾಗ ತಾನು ಹಗ್ಗ ಹಿಡಿದು ತೂಗಬೇಕು... ಈ ಆಸೆಯನ್ನು ಅವಳು ಗಂಡನಿಗೂ ಹೇಳಿಕೊಂಡಿರಲಿಲ್ಲ. ಬಂಧುಬಳಗದಲ್ಲಿ ನಾಮಕರಣ ಎಂದಾಗಲೆಲ್ಲ ಅತ್ತೆ, “ಆವತ್ತು ಡ್ಯೂಟಿ ಹಾಕಿಸ್ಕೊ” ಎನ್ನುತ್ತಿದ್ದಳು. ಬರಬರುತ್ತ ಅತ್ತೆ ಹೇಳುವ ಮೊದಲೇ ಇವಳು ಹಾಕಿಸಿಕೊಳ್ಳತೊಡಗಿದಳು.

ಅವರ ಮನೆಯ ಪದ್ಧತಿಯಂತೆ ಕೂಸನ್ನು ಮೊದಲು ತೊಟ್ಟಿಲಿಗೆ ಹಾಕಬೇಕಾದವಳು ಸೋದರಮಾವನ ಹೆಂಡತಿ. ಭಾನುಪ್ರಿಯಳ ಕೂಸಿಗೆ ಅದು ಧನಲಕ್ಷ್ಮಿಯೇ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ಭಾನುಪ್ರಿಯಳ ನೋವು ಡಾಕ್ಟರು ಕೊಟ್ಟ ದಿನಕ್ಕಿಂತ ಇಪ್ಪತ್ತು ದಿನ ಮೊದಲೇ, ಒಂದು ಭಾನುವಾರ ಬೆಳಗ್ಗೆ ತಿಂಡಿ ಹೊತ್ತಿಗೆ ಬಂತು. ಧನಲಕ್ಷ್ಮಿ ಆಗಲೇ ಡ್ಯೂಟಿಗೆ ಹೋಗಿಯಾಗಿತ್ತು. ಅಣ್ಣ ಅಶೋಕ್, ಧನಲಕ್ಷ್ಮಿಯ ಗಂಡ, ಕಾರು ತಂದ. ದೊಡ್ಡಲಕ್ಷ್ಮಮ್ಮ ರಾಮನಗರಕ್ಕೇ ಹೋಗಬೇಕೆಂದು ಹಟ ಹಿಡಿದಳು. ಮಾಗಡಿ ಹತ್ತಿರವಾಗುವ ಹೊತ್ತಿಗೆ ಭಾನುಪ್ರಿಯ ಸೀಟಿನ ಮೇಲೆ ಹೊರಳಾಡುತ್ತ, “ಅತ್ತಿಗೆ ತಾವ್ಕೆ ಕರ್ಕೊಂಡೋಗಣ್ಣಾ! ನಾನ್ ಸತ್ತೋಯ್ತೀನಿ!” ಎಂದು ಕಿರುಚಿದಳು. ಹುಟ್ಟಿದಾಗಿನಿಂದ ತಾಯಿಯ ಮಾತು ಮೀರದ ಅಶೋಕ್ ಅಂದು ಮೊದಲ ಸಲ ಮೀರಿದ. ಕಾರು ಆಸ್ಪತ್ರೆಯ ಕಡೆ ತಿರುಗಿತು.

ಒಳಗೆ ಆಗಲೇ ಇಬ್ಬರು ಹೆರುವವರಿದ್ದರು. ದೊಡ್ಡಲಕ್ಷ್ಮಮ್ಮನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಬಾಗಿಲು ಹಾಕಿಕೊಂಡರು. ಅವಳು ಸೆರಗಿನ ತುದಿ ಕಚ್ಚಿಕೊಂಡು, ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತುಕೊಂಡಳು.

“ಅವ್ವಾ...! ಅವ್ವಾ...!”

ಮಗಳ ದನಿ! ದೊಡ್ಡಲಕ್ಷ್ಮಮ್ಮ ತಟ್ಟನೆ ಎದ್ದಳು. ‘ಬಂದೆ ಕಣವ್ವ’ ಎಂಬ ಮಾತು ಅವಳ ಬಾಯಿಗೆ ಬರುವಷ್ಟರಲ್ಲಿ ಒಳಗಿನಿಂದ ಇನ್ನೊಂದು ದನಿ ಕೇಳಿಸಿತು.

“ಇಲ್ಲೇ ಇವ್ನಿ ಕಣವ್ವ. ಎಲ್ಲೂ ಹೋಗಿಲ್ಲ. ಉಸ್ರು ಬುಡು... ಹಂಗೇ, ನನ್ ಬಂಗಾರಿ...”

ಸೊಸೆಯ ದನಿ. ದೊಡ್ಡಲಕ್ಷ್ಮಮ್ಮನಿಗೆ ಮೈ ಉರಿದುಹೋಯಿತು. ಮಗಳು ಕರೆಯುತ್ತಿರುವುದು ನನ್ನನ್ನು, ನಡುವೆ ಓಗೊಡುವುದಕ್ಕೆ ಇವಳು ಯಾರು! ಅಷ್ಟರಲ್ಲಿ ಒಳಗೆ ಬೇರೆ ಯಾರೋ, “ಅಮ್ಮಾ!” ಎಂದು ಚೀರಿದಳು. “ಬಂದೆ ಮಗಳೇ, ಬಂದೆ” ಎಂದಿತು ಅದೇ ದನಿ. ಮೂರನೆಯವಳು ತಮಿಳಿನಲ್ಲೋ ತೆಲುಗಿನಲ್ಲೋ ತಾಯಿಯನ್ನು ಕರೆದಳು. ಅದಕ್ಕೂ ಅದೇ ದನಿ, ಅದೇ ಅಕ್ಕರೆ.

ಪಕ್ಕದಲ್ಲಿ ಸಂಬಂಧಿಕರ ಹುಡುಗಿಯ ಹೆರಿಗೆಗೆಂದು ಬಂದು ಕೂತಿದ್ದ ಅಮೀರುನ್ನೀಸಾ ಎಂಬ ಹೆಂಗಸು ತಾನಾಗಿ ಮಾತಿಗಿಳಿದಳು. “ಆ ಸಿಸ್ಟರ್ ಇದ್ರೆ ಹೆದ್ರಿಕೆ ಇಲ್ಲಮ್ಮ. ನನ್ ಮಗಳು ಮುಬಶ್ಶಿರಾ ಹೋದ್ ವರ್ಷ ಇಲ್ಲೇ ಹೆತ್ಳು. ‘ಅಮ್ಮೀ’ ಅಂತ ಕೂಗ್ದಾಗೆಲ್ಲ ಆಯಮ್ಮ ಕೈ ಹಿಡ್ಕೊಂಡು ‘ಹೇಳು ಕಂದಾ’ ಅಂತಿದ್ರಂತೆ. ‘ಅಮ್ಮೀ, ನೀನು ಹೊರಗಿದ್ದೆ, ಒಳಗೆ ಇನ್ನೊಬ್ಬ ಅಮ್ಮ ಇದ್ರು’ ಅಂತ ಈಗ್ಲೂ ಹೇಳ್ತಾಳೆ. ನಿಮ್ಗೆ ಗೊತ್ತಾ ಅವ್ರು?”

ಹನ್ನೊಂದು ವರ್ಷ ಒಂದೇ ಮನೆಯಲ್ಲಿ ಉಂಡ ಸೊಸೆ. ದೊಡ್ಡಲಕ್ಷ್ಮಮ್ಮ ಆ ಹೆಂಗಸಿನಿಂದ ಮುಖ ತಿರುಗಿಸಿದಳು. ಬಾಗಿಲ ಕಡೆ ಕಿವಿಕೊಟ್ಟು ಕೂತಳು. ಮಗಳು ಮತ್ತೆ ಅವ್ವಾ ಎಂದಳು, ಸೊಸೆ ಮತ್ತೆ ಓಗೊಟ್ಟಳು. ಮುದುಕಿಯ ಕಣ್ಣಿಂದ ಅವಳಿಗೇ ತಿಳಿಯದಂತೆ ನೀರು ಇಳಿಯುತ್ತಿತ್ತು.

ಕೂಸು ಅತ್ತಿತು. ಬಟ್ಟೆಯಲ್ಲಿ ಸುತ್ತಿ ಅದನ್ನು ಹೊರಗೆ ತಂದವಳು ಧನಲಕ್ಷ್ಮಿಯಲ್ಲ, ಆಯಾ ಮುನ್ನೀ. “ಹೆಣ್ಣು ಕೂಸು. ಸಿಸ್ಟರ್ ನನ್ಗೇ ಕೊಡಕ್ ಹೇಳಿದ್ರು. ಅವ್ರ ಕೈಯಿಂದ ಕೊಟ್ರೆ ನಿಮ್ಗೆ ಬೇಜಾರಾಗುತ್ತಂತೆ” ಎಂದಳು. ದೊಡ್ಡಲಕ್ಷ್ಮಮ್ಮ ಮೊಮ್ಮಗಳನ್ನು ಎದೆಗೊತ್ತಿಕೊಂಡು ನಿಂತಲ್ಲೇ ನಿಂತಳು. ಒಳಗೆ ಹೋಗಿ ಒಂದು ಮಾತು ಹೇಳಬೇಕೆನಿಸಿತು.

ಆ ಮಾತು ಮೂರು ತಿಂಗಳಾದರೂ ಹೊರಬರಲಿಲ್ಲ. ಬಯ್ಯುವುದಕ್ಕೆ ಸಲೀಸಾಗಿ ಹೊರಳುತ್ತಿದ್ದ ನಾಲಿಗೆ ಒಳ್ಳೆಯ ಮಾತಿಗೆ ತಡವರಿಸಿದರೆ ಯಾರನ್ನು ದೂರುವುದು! ಬಯ್ಗುಳ ನಿಂತಿತು, ಅಷ್ಟೇ. ಧನಲಕ್ಷ್ಮಿ ಆ ಮೌನವನ್ನೂ ಮುನಿಸೆಂದೇ ಎಣಿಸಿದಳು. ಅವಳದಾದರೂ ತಪ್ಪೇನು? ಹನ್ನೊಂದು ವರ್ಷದ ಅಭ್ಯಾಸ.

ನಾಮಕರಣದ ದಿನ ಧನಲಕ್ಷ್ಮಿ ಎಲ್ಲರಿಗಿಂತ ಮೊದಲೇ ಎದ್ದು ಬಾಗಿಲಿಗೆ ರಂಗೋಲಿ ಬಿಟ್ಟಳು. ತೊಟ್ಟಿಲಿಗೆ ಸೇವಂತಿಗೆ ಕಟ್ಟಿದಳು. ಕಟ್ಟಿ ಮುಗಿದ ಮೇಲೆ ಹಗ್ಗವನ್ನು ಒಂದೇ ಸಲ ಎಳೆದು ಬಿಟ್ಟಳು. ಖಾಲಿ ತೊಟ್ಟಿಲು ತೂಗಿತು. ಕಣ್ಣೊರೆಸಿಕೊಂಡು ಬ್ಯಾಗು ಹಿಡಿದು ಮೊದಲ ಬಸ್ಸಿಗೆ ಹೋಗಿಬಿಟ್ಟಳು.

ಸ್ನಾನ ಮುಗಿಸಿ ಬಂದ ದೊಡ್ಡಲಕ್ಷ್ಮಮ್ಮ ಮನೆಯೆಲ್ಲ ಹುಡುಕಿದಳು. “ಧನ ಎಲ್ಲಿ?”

“ಡ್ಯೂಟಿಗೆ ಹೋದ್ಲು” ಎಂದ ಅಶೋಕ್. “ನೀನೇ ತಾನೆ ಯಾವಾಗ್ಲೂ...” ಅವನು ತಲೆ ತಗ್ಗಿಸಿದ.

“ಫೋನ್ ಮಾಡು ಕಣ್ಲಾ! ಈಗ್ಲೇ ಮಾಡು!”

ಫೋನು ಎತ್ತಿದವಳು ಮುನ್ನೀ. “ಗುಡೇಮಾರನಹಳ್ಳಿ ಹುಡುಗಿ ಒಂದು ನೋವು ತಿಂತಾ ಐತೆ. ಸಿಸ್ಟರ್ ಕೈ ಬುಡ್ತಾ ಇಲ್ಲ. ಗಳಿಗೆ ಮೀರ್ಸ್ಬೇಡಿ, ಶಾಸ್ತ್ರ ಮುಗ್ಸಿ ಅಂತಾವ್ರೆ.” ಆ ಮಾತಿನ ಹಿಂದೆ ದೂರದಲ್ಲಿ ಹುಡುಗಿಯೊಬ್ಬಳ ಚೀರಾಟ, ಅದಕ್ಕೆ ಸೊಸೆಯ ಉತ್ತರ, ಎರಡೂ ದೊಡ್ಡಲಕ್ಷ್ಮಮ್ಮನ ಕಿವಿಗೆ ಬಿದ್ದವು.

“ಅವಳ್ನ ಬುಟ್ಟು ಬಾ ಅನ್ಬ್ಯಾಡ” ಎಂದಳು ನಿಧಾನವಾಗಿ. “ಅಲ್ಲಿ ಮುಗೀಲಿ. ನಾವು ಕಾಯ್ತೀವಿ.”

ಮರಳವಾಡಿಯ ಬೀಗಿತಿ ಮುಖ ಗಂಟಿಕ್ಕಿದಳು. “ಗಳಿಗೆ ಇರೋದೇ ಹನ್ನೊಂದಕ್ಕೆ. ಮಕ್ಳಿಲ್ದೋಳಿಗೋಸ್ಕರ ನನ್ ಮೊಮ್ಮಗಳ ಶಾಸ್ತ್ರ ನಿಲ್ಸ್ತೀರಾ?”

“ನಿಲ್ಸ್ತೀನಿ!” ದೊಡ್ಡಲಕ್ಷ್ಮಮ್ಮ ಕೂಸನ್ನು ಮಡಿಲಿಗೆ ಎಳೆದುಕೊಂಡಳು. “ನನ್ ಮಗಳು ಅವ್ವಾ ಅಂತ ಅರಚ್ಕೊಂಡಾಗ ಹೆತ್ತ ನಾನು ಬಾಗ್ಲಿಂದ ಈಚೆ ಕುಂತಿದ್ದೆ. ಓಗೊಟ್ಟೋಳು ಅವಳು! ಈ ಕೂಸ್ನ ಈ ಲೋಕದಾಗೆ ಮೊದಲು ಮುಟ್ಟಿದ್ದೂ ಅವಳ್ದೇ ಕೈಯಿ. ಆ ಕೈನೇ ಬ್ಯಾಡ ಅಂತ ತಳ್ಳಿದ ಪಾಪಿ ನಾನು ಕಣ್ರವ್ವ... ಉಣ್ಣೋರು ಉಂಡು ಹೋಗಿ. ತೊಟ್ಲಿಗೆ ಹಾಕೋಳು ಬರೋವರ್ಗೂ ಕೂಸು ನನ್ ಮಡ್ಲಾಗೇ ಇರ್ತದೆ.”

ಹನ್ನೊಂದಾಯಿತು, ಹನ್ನೆರಡಾಯಿತು. ಬಂದವರು ಉಂಡರು, ಗೊಣಗಿದರು, ಹೊರಟರು. ಭಾನುಪ್ರಿಯ ಕೂಸಿಗೆ ಹಾಲೂಡಿಸಿ ಮತ್ತೆ ತಾಯಿಯ ಮಡಿಲಿಗೇ ತಂದಿಟ್ಟಳು.

ಧನಲಕ್ಷ್ಮಿ ಬಂದಾಗ ನಾಲ್ಕು ದಾಟಿತ್ತು. ಗುಡೇಮಾರನಹಳ್ಳಿಯ ಹುಡುಗಿ ಸುಸೂತ್ರವಾಗಿ ಹೆತ್ತಿದ್ದಳು. ಎಲ್ಲ ಮುಗಿದಿರುತ್ತದೆ, ದೂರದಿಂದಲೇ ತೊಟ್ಟಿಲು ನೋಡಿದರಾಯಿತು ಎಂದುಕೊಂಡು ಒಳಗೆ ಕಾಲಿಟ್ಟವಳು ಗಾಬರಿಯಾದಳು. ತೊಟ್ಟಿಲು ಖಾಲಿ!

“ಏನಾಯ್ತತ್ತೆ? ಕೂಸು ಚೆನ್ನಾಗೈತಾ?”

“ಚೆನ್ನಾಗೈತೆ. ಕೈಕಾಲು ತೊಳ್ಕೊಂಡು ಬಾ. ಸೋದರಮಾವನ ಹೆಂಡ್ತಿ ಇಲ್ದೆ ತೊಟ್ಲು ಶಾಸ್ತ್ರ ಎಂಗಾದದು?”

ಧನಲಕ್ಷ್ಮಿಗೆ ತಾನು ಕೇಳಿದ್ದು ನಿಜವೋ ಸುಳ್ಳೋ ತಿಳಿಯಲಿಲ್ಲ. ಗಂಡನ ಮುಖ ನೋಡಿದಳು. ಅಶೋಕ್ ಅಳುತ್ತಿದ್ದ. ಕೈಕಾಲು ತೊಳೆದು ಬಂದು ಮಣೆಯ ಮೇಲೆ ಕೂತಳು. ಭಾನುಪ್ರಿಯ ಅವಳ ಹಣೆಗೆ ಕುಂಕುಮವಿಟ್ಟಳು. ದೊಡ್ಡಲಕ್ಷ್ಮಮ್ಮ ಮುಂದೆ ಬಾಗಿ, ಮೊಮ್ಮಗಳನ್ನು ಸೊಸೆಯ ಮಡಿಲಿಗೆ ಹಾಕಿದಳು.

ಬೆಚ್ಚನೆಯ ಮೈ, ಹಾಲಿನ ವಾಸನೆ. ಧನಲಕ್ಷ್ಮಿಯ ಕೈಗಳು ಕೂಸಿನ ತಲೆಯನ್ನು ತಾವಾಗಿಯೇ ಆತುಕೊಂಡವು. ಇಷ್ಟು ವರ್ಷ ಕೂಸು ಕೈಗೆ ಬಂದರೆ ಒರೆಸಿ, ಸುತ್ತಿ, ಇನ್ನೊಬ್ಬರಿಗೆ ದಾಟಿಸಿ ಬರಿಗೈಯಲ್ಲಿ ತಿರುಗುವುದಷ್ಟೇ ಅವಳು ಬಲ್ಲದ್ದು. ಈಗಲೂ ಅವಳು ಕೂಸನ್ನು ಎತ್ತಿ ಹಿಡಿದು ಸುತ್ತ ನೋಡಿದಳು.

“ಯಾರ ಕೈಗೆ ಕೊಡ್ಲಿ ಅತ್ತೆ?”

ದೊಡ್ಡಲಕ್ಷ್ಮಮ್ಮ ಇನ್ನೂ ಹತ್ತಿರ ಸರಿದಳು. ಸೊಸೆಯ ಎರಡು ಕೈಗಳನ್ನೂ ಹಿಡಿದು, ಕೂಸಿನ ಸಮೇತ ಅವಳ ಎದೆಗೇ ಒತ್ತಿದಳು.

“ಯಾರ ಕೈಗೂ ಕೊಡ್ಬ್ಯಾಡ ಕಣವ್ವ... ತೊಟ್ಲಿಗೂ ಆಮ್ಯಾಕೆ ಹಾಕುವಂತೆ. ಒಸಿ ಹೊತ್ತು ನೀನೇ ಇಟ್ಕೊ.”