ಕಿವಿಯ ಹಿಂದೆ ಹೆಬ್ಬೆಟ್ಟಿನಗಲ

"ಈ ಹೆಣದ ಕಿವಿ ಹಿಂದೆ ನೋಡ್ರಪ್ಪಾ. ಮುಖ ಎಲ್ಲ ಕೊಳೆತಿದೆ, ಇಲ್ಲಿ ಮಾತ್ರ ಸೋಪು ಹಾಕಿ ತೊಳೆದ ಹಾಗಿದೆ. ಲಾರಿಗೆ ಬಣ್ಣ ಬಳಿಯೋನನ್ನ ಮೇಕಪ್ಪಿಗೆ ಕರೆದ್ರೆ ಇದೇ ಗತಿ. ಎಂಟನೇ ಕ್ಲಾಸಿನ ಆಚೆ ಏನೂ ಕಾಣದೋನಿಗೆ ಕಿವಿ ಆಚೆ ಏನು ಕಂಡೀತು?"

ನಿರ್ದೇಶಕ ಮಾನಿಟರನ್ನು ಎಲ್ಲರ ಕಡೆಗೂ ತಿರುಗಿಸಿ ಹೇಳಿದ. ಕ್ಯಾಮೆರಾದವನು ನಕ್ಕ. ಲೈಟಿನವರು ನಕ್ಕರು. ಹೆಣದ ವೇಷ ಹಾಕಿ ನಿಂತ ನಾಲ್ವರಲ್ಲಿ ಮೂವರು ನಕ್ಕರು. ನಾಲ್ಕನೆಯವನು ತಲೆ ತಗ್ಗಿಸಿದ. ಅವನು ಬಣ್ಣ ಹಚ್ಚಿದ ಪೇಂಟರನ ಸ್ವಂತ ಅಣ್ಣ.

ತಮ್ಮನಿಗೆ ಪೇಂಟರ್ ಎಂದು ಹೆಸರಿಟ್ಟವನೂ ನಿರ್ದೇಶಕನೇ. ಮೊದಲ ದಿನದಿಂದಲೂ ಅದೇ ಹೆಸರು, ಅದೇ ಹಲ್ಲು ಕಿರಿತ.

ಬೆಳಗಿನ ಹನ್ನೊಂದು ಗಂಟೆ. ಆದರೆ ಬಾಗಿಲು ಮುಚ್ಚಿದ ಆ ಹಳೆಯ ಬಿಸ್ಕತ್ತು ಫ್ಯಾಕ್ಟರಿಯ ಒಳಗೆ ಅಮಾವಾಸ್ಯೆ. ರಾತ್ರಿ ಚಿತ್ರೀಕರಣಕ್ಕೆ ಗತಿಯಿಲ್ಲದೆ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಬಡಿದಿದ್ದರು. ಗಾಳಿಯಾಡದ ಕತ್ತಲಲ್ಲಿ ಹುಳಿತ ಹಿಟ್ಟು, ಕಮಟು ಎಣ್ಣೆ, ಇಲಿಯ ಹಿಕ್ಕೆಗಳ ನಾತ ಹೆಪ್ಪುಗಟ್ಟಿ ನಿಂತಿತ್ತು. ಅದರ ಮೇಲೆ ರಕ್ತವೆಂದು ಕಲಸಿದ ಸಕ್ಕರೆ ಪಾಕದ ಸಿಹಿ ವಾಸನೆ. ಆ ಪಾಕಕ್ಕೆ ಗೋಡೆಯ ಬಿರುಕಿನಿಂದ ಇರುವೆಗಳು ಸಾಲುಗಟ್ಟಿ ಇಳಿಯುತ್ತಿದ್ದವು.

ಕಿವಿಯ ಹಿಂದಿನ ಜಾಗ ಪೇಂಟರನ ಕಣ್ತಪ್ಪಲ್ಲ. ಬೇಕೆಂದೇ ಬಿಟ್ಟಿದ್ದ. ಹಾಗೆ ಬಿಡಲು ಹೇಳಿದವಳು, ಸೆಟ್ಟಿನಲ್ಲಿ ಎಲ್ಲರೂ ದೊಡ್ಡಮ್ಮ ಎನ್ನುವ ಮುದುಕಿ. ನಾಟಕ, ಸಿನಿಮಾ ಎಂದು ನಲವತ್ತು ವರ್ಷ ಮುಖಗಳಿಗೆ ಸಾವು ಹಚ್ಚಿದ ಹೆಂಗಸು. ಈಗ ಬಲಗೈ ಕೆಲಸಕ್ಕೆ ಬಾರದೆ, ಪೆಟ್ಟಿಗೆಯನ್ನೂ ಕುಂಚಗಳನ್ನೂ ಇವನ ಮುಂದೆ ಇಟ್ಟು ಮೂಲೆಯ ಸ್ಟೂಲಿನಲ್ಲಿ ಕೂತಿದ್ದಳು. ಕೊಡುವಾಗ ಒಂದು ಮಾತು ಹೇಳಿದ್ದಳು.

"ಹೆಣದ ಬಣ್ಣ ಹಚ್ಚುವಾಗ ಕಿವಿ ಹಿಂದೆ ಹೆಬ್ಬೆಟ್ಟಿನಗಲ ಬರಿ ಬಿಡು ಮಗಾ. ಜೀವ ವಾಪಸ್ ಬರೋಕೆ ಬಾಗಿಲು ಬೇಕು."

ಬಾಗಿಲಿಗೆ ಚಿಲಕವೂ ಬೇಕಾ ದೊಡ್ಡಮ್ಮಾ ಎಂದು ಅವನು ಕೇಳಿದ್ದ. ಅವಳು ನಗಲಿಲ್ಲ. ಈ ಕುಂಚಗಳ ಮೊದಲ ಒಡೆಯನಿಗೆ ಯಾವುದೋ ನಾಟಕ ಕಂಪನಿಯ ಯಜಮಾನ ಇದೇ ಬರಿಜಾಗದ ನೆಪಕ್ಕೆ ತುಂಬಿದ ಸಭೆಯಲ್ಲಿ ಕೆನ್ನೆಗೆ ಹೊಡೆದಿದ್ದನಂತೆ. ಏಟು ತಿಂದವನು ಮೂರು ದಿನ ಮಾಟ ಮಾಡಿ ಕುಂಚಗಳನ್ನು ಕಟ್ಟಿಹಾಕಿದನಂತೆ: ಪೂರ್ತಿ ಹೆಣ ಬೇಕು ಅಂದವನಿಗೆ ಪೂರ್ತಿ ಹೆಣವೇ ಸಿಗಲಿ. ಪೇಂಟರ್ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟ. ಮುದುಕಿಯ ಮನಸ್ಸು ನೋಯಿಸುವುದೇಕೆಂದು ಹೇಳಿದಂತೆ ಮಾಡಿದ್ದ, ಅಷ್ಟೆ. ಅದರ ಫಲವೇ ಈ ಮಂಗಳಾರತಿ.

ಅವನಿಗೆ ಮೈಯೆಲ್ಲ ಉರಿಯಿತು. ಹೇಳಿದವನಾದರೂ ಯಾರು? ನಾಲ್ಕು ಜನರನ್ನು ಇಟ್ಟುಕೊಂಡು ನಲವತ್ತು ಜೋಂಬಿ ತೋರಿಸುವವನು. ಆ ನಾಲ್ವರು ಕ್ಯಾಮೆರಾದ ಮುಂದೆ ತೂರಾಡಿ ಹೋಗಿ, ಹಿಂದಿನಿಂದ ಓಡಿ ಬಂದು, ಅಂಗಿ ಬದಲಿಸಿ ಮತ್ತೆ ತೂರಾಡಬೇಕು. ಕತ್ತರಿಸಿದ ಕೈ ಎಂದು ರಬ್ಬರಿನ ಗ್ಲೌಸಿಗೆ ಹತ್ತಿ ತುಂಬಿದ್ದರು. ಹೆಣವೊಂದು ಹೂಸು ಬಿಡುವುದೇ ಅವನ ಹಾಸ್ಯದ ಶಿಖರ. ಯಾರಾದರೂ ಬಾಯಿಬಿಟ್ಟರೆ, ಕೆಟ್ಟದಾಗಿರೋದೇ ಇದರ ಮಜಾ ಎನ್ನುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಎಂದಳು. ಇವನು ಡೊಂಕು ನೆಲವೇ ಕುಣಿತ ಎನ್ನುತ್ತಿದ್ದ.

ಇಂಥ ಸಿನಿಮಾಗಳ ರುಚಿ ಪೇಂಟರನಿಗೆ ಗೊತ್ತಿಲ್ಲದ್ದಲ್ಲ. ಅಪ್ಪ ಸತ್ತ ಮೇಲೆ ತಿಂಗಳುಗಟ್ಟಲೆ ಅವರ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ. ಒಂದು ದಿನ ಅಣ್ಣ ಎಲ್ಲಿಂದಲೋ ಒಂದು ಹರಕು ಜೋಂಬಿ ಚಿತ್ರ ತಂದು ಹಾಕಿದ. ಅದರಲ್ಲಿ ಹೆಣದ ಮೂಗು ಕಳಚಿ ನಾಯಕಿಯ ತಟ್ಟೆಯ ಸಾರಿನೊಳಗೆ ಬಿತ್ತು. ಹೆಣ ನಾಚಿಕೊಂಡು, ಕೈಮುಗಿದು, ಮೂಗನ್ನು ಎತ್ತಿಕೊಂಡಿತು. ಅಣ್ಣ ಹೊಟ್ಟೆ ಹಿಡಿದು ನೆಲಕ್ಕುರುಳಿದ. ಅಡುಗೆಮನೆಯಿಂದ ಅಮ್ಮ ನಕ್ಕ ಸದ್ದು ಕೇಳಿಸಿತು. ಆ ಚಿತ್ರದವರೂ ಗತಿಗೆಟ್ಟವರೇ. ಆದರೆ ಅವರಿಗೆ ಸಾವು ಗೊತ್ತಿತ್ತು. ಅದರ ಹೆಗಲ ಮೇಲೆ ಕೈಹಾಕಿ ನಗಿಸಿದ್ದರು. ಈ ಬೇವಾರ್ಸಿಗೆ ಸಾವೂ ಗೊತ್ತಿಲ್ಲ, ನಗುವೂ ಗೊತ್ತಿಲ್ಲ. ಅಣ್ಣನಿಗೆ ಇಂಥದ್ದರಲ್ಲಿ ಒಮ್ಮೆಯಾದರೂ ಹೆಣವಾಗುವ ಹುಚ್ಚು. ತಮ್ಮನೇ ಹೇಳಿ ಸೇರಿಸಿದ್ದ.

ಪೇಂಟರ್ ಹಲ್ಲು ಕಚ್ಚಿ ಕುಂಚ ಎತ್ತಿಕೊಂಡ. ಮೊದಲು ಅಣ್ಣ. ಆಮೇಲೆ ಚಪ್ಪಲಿ ಅಂಗಡಿಯ ಸೇಲ್ಸ್‌ಮನ್, ರಿಟೈರಾದ ಬಸ್ ಕಂಡಕ್ಟರ್, ಬಟ್ಟೆ ಫ್ಯಾಕ್ಟರಿಯಲ್ಲಿ ಗುಂಡಿ ಹೊಲಿಯುವ ಹೆಂಗಸು. ನಾಲ್ವರಿಗೂ ಕಿವಿಯ ಹಿಂದೆ ದಪ್ಪಗೆ ಬೂದು ಬಣ್ಣ ಮೆತ್ತಿದ. ಮೂಲೆಯಲ್ಲಿ ದೊಡ್ಡಮ್ಮ ಎದ್ದು ನಿಂತಿದ್ದನ್ನು ಕಂಡೂ ಕಾಣದವನಂತಿದ್ದ. ಕೊನೆಗೆ ನಿರ್ದೇಶಕನೇ ಬಂದು ಕೂತ; ಹೆಣಗಳ ದೊರೆಯ ಪಾತ್ರ ಅವನದೇ. ನನಗೂ ಪೂರ್ತಿ ಬಳಿ, ತೂತು ಬಿಟ್ಟರೆ ಕೈ ಮುರಿದೇನು ಎಂದ. ಪೇಂಟರ್ ಪೂರ್ತಿ ಬಳಿದ.

ಲೈಟು ಬಿತ್ತು. ಕ್ಯಾಮೆರಾ ಓಡಿತು.

ನಾಲ್ವರೂ ತೂರಾಡುತ್ತ ಬಂದರು. ಈ ಸಲ ತೂರಾಟ ಬೇರೆ ಥರ ಇತ್ತು. ಕಾಲು ಎತ್ತಲಿಲ್ಲ, ಎಳೆದರು. ಸಿಮೆಂಟಿನ ಮೇಲೆ ಸರ್ರ್, ಸರ್ರ್ ಎಂದು ಎಂಟು ಪಾದಗಳ ಸದ್ದು. ಒಂದು ಇರುವೆ ಅಣ್ಣನ ಕೆನ್ನೆಯ ಪಾಕ ಹತ್ತಿ, ಕಣ್ಣಂಚಿಗೆ ಬಂದು, ಗುಡ್ಡೆಯ ಮೇಲೆ ನಡೆಯಿತು. ಅಣ್ಣ ರೆಪ್ಪೆ ಬಡಿಯಲಿಲ್ಲ.

ಈಗ ಬಂತು ನೋಡಿ ಆ್ಯಕ್ಟಿಂಗು ಎಂದು ಕುರ್ಚಿಯಿಂದಲೇ ನಿರ್ದೇಶಕ ತೊಡೆ ತಟ್ಟಿದ. ಕಟ್ ಎಂದ. ಯಾರೂ ನಿಲ್ಲಲಿಲ್ಲ. ಗೋಡೆಗೆ ಹಣೆ ತಾಗುವವರೆಗೂ ನಡೆದು, ಅಲ್ಲಿಯೂ ಕಾಲೆಳೆಯುತ್ತಲೇ ಇದ್ದರು.

ಪೇಂಟರ್ ಓಡಿದ. ಅಣ್ಣನ ಕೈ ಹಿಡಿದ. ತಣ್ಣಗೆ, ಬಾವಿಯ ಕಲ್ಲಿನಂತೆ. ಎಣ್ಣೆ ಬಟ್ಟೆ ತೆಗೆದು ಕೆನ್ನೆ ಒರೆಸಿದ. ಬಣ್ಣ ಬಟ್ಟೆಗೆ ಬಂತು. ಕೆಳಗಿನ ಚರ್ಮವೂ ಅದೇ ಬಣ್ಣ. ಮತ್ತೆ ಒರೆಸಿದ. ಅದೇ ಬೂದು. ಮೂಗಿಗೆ ನಾತ ಹೊಡೆಯಿತು. ಹಿಟ್ಟಿನದಲ್ಲ. ಎಣ್ಣೆಯದಲ್ಲ. ಹಸಿ ಮಣ್ಣಿನದು.

ಕ್ಯಾಮೆರಾದವನು ಮೊದಲು ಓಡಿದ. ಉಳಿದವರು ಅವನ ಹಿಂದೆ. ಬಾಗಿಲು ದಡಾರನೆ ಬಡಿಯಿತು.

ದೊಡ್ಡಮ್ಮ ಬಳಿಗೆ ಬಂದು ಬಲಗೈಯ ಸುತ್ತ ಸದಾ ಸುತ್ತಿಕೊಂಡಿದ್ದ ಸೆರಗು ಬಿಚ್ಚಿದಳು. ಮೂರು ಬೆರಳು ಸೌದೆಯ ಚಕ್ಕೆಗಳಂತೆ, ಬೂದುಗಟ್ಟಿ, ಸೆಟೆದು ನಿಂತಿದ್ದವು.

"ಬಾಗಿಲು ಮುಚ್ಚಿದ ಕೈಯೇ ತೆರೀಬೇಕು. ಒಬ್ಬರಿಗೆ ಒಂದು ಬೆರಳು ಕೊಡ್ಬೇಕು. ಬಣ್ಣ ಒಣಗಿ ಬಿರುಕು ಬಿಟ್ರೆ ಮುಗೀತು."

ಅಣ್ಣನ ಹಣೆಯಲ್ಲಿ ಆಗಲೇ ಕೂದಲೆಳೆಯಷ್ಟು ಗೆರೆ. ಪೇಂಟರ್ ಯೋಚಿಸಲಿಲ್ಲ. ತೋರುಬೆರಳನ್ನು ಕಿವಿಯ ಹಿಂದೆ ಒತ್ತಿ ಉಜ್ಜಿದ. ಚಳಿ. ಉಗುರಿನಿಂದ ಎಲುಬಿಗೆ ಹತ್ತಿದ ಚಳಿ. ಉಜ್ಜಿದ. ಬೆರಳು ಬೂದಾಯಿತು. ಉಜ್ಜಿದ. ಬೆರಳು ಸೆಟೆಯಿತು. ಅಣ್ಣನ ಕಿವಿಯ ಹಿಂದೆ ಹೆಬ್ಬೆಟ್ಟಿನಗಲ ಗೋಧಿ ಬಣ್ಣ ಕಂಡಿತು. ಅಲ್ಲಿ ನಾಡಿ ಮಿಡಿಯಿತು. ಅಣ್ಣ ನೀರಿನಿಂದ ಎದ್ದವನಂತೆ ಉಸಿರೆಳೆದು, ಕಣ್ಣೊಳಗಿನ ಇರುವೆಯನ್ನು ಉಜ್ಜಿಕೊಂಡ.

ಪೇಂಟರ್ ಅವನನ್ನು ಬಾಗಿಲ ಕಡೆಗೆ ಎಳೆದ. ಅಣ್ಣ ಬರಲಿಲ್ಲ. ಗೋಡೆಗೆ ಹಣೆ ಕೊಟ್ಟು ನಿಂತ ಮೂವರನ್ನು ನೋಡಿದ.

"ಅವರಿಗೂ ಮನೆ ಇದೆ ಕಣೋ."

ಪೇಂಟರ್ ತಾನು ಬಣ್ಣದ ಕೆಲಸದವನು, ಕೈ ಹೋದರೆ ಉಣ್ಣುವುದು ಏನನ್ನು ಎಂದು ಗೊಣಗಿದ. ಗೊಣಗುತ್ತಲೇ ಹೋದ. ಗುಂಡಿ ಹೊಲಿಯುವ ಹೆಂಗಸಿಗೆ ಕಿರುಬೆರಳು. ಕಂಡಕ್ಟರನಿಗೆ ಉಂಗುರದ ಬೆರಳು. ಸೇಲ್ಸ್‌ಮನ್ನನಿಗೆ ನಡುಬೆರಳು. ಒಂದೊಂದೂ ಟಪ್ಪೆಂದು ಸೆಟೆಯಿತು, ಒಣ ಕಡ್ಡಿ ಮುರಿದ ಸದ್ದಿನೊಂದಿಗೆ. ಮೂವರೂ ಉಸಿರೆಳೆದರು. ಅಳುತ್ತ, ಕೆಮ್ಮುತ್ತ, ಒಬ್ಬರನ್ನೊಬ್ಬರು ಹಿಡಿದುಕೊಂಡು ಹೊರಗೆ ಹೋದರು.

ಹೆಬ್ಬೆರಳು ಉಳಿಯಿತು. ಅದೊಂದಿದ್ದರೆ ಸತ್ತ ನಾಲ್ಕು ಬೆರಳಿಗೆ ಕುಂಚವನ್ನು ಒತ್ತಿ ಹಿಡಿದಾದರೂ ಬದುಕಬಹುದು.

ಕುರ್ಚಿಯಿಂದ ಸದ್ದು ಬಂತು. ಕೊನೆಗೆ ಬಣ್ಣ ಬಿದ್ದವನು ನಿರ್ದೇಶಕ. ಸಾವು ಅವನ ಕುತ್ತಿಗೆಯವರೆಗೆ ಮಾತ್ರ ಏರಿತ್ತು. ಕೈಕಾಲು ಕುರ್ಚಿಗೆ ಮೊಳೆ ಹೊಡೆದಂತಿದ್ದವು. ಎಲ್ಲವನ್ನೂ ನೋಡಿದ್ದ. ಮೊದಲು ಗದರಿದ, ಬಾ ಇಲ್ಲಿ ಎಂದು. ಆಮೇಲೆ ಈ ಶಾಟು ಸಿಕ್ಕಿದ್ದು ನಿನ್ನಿಂದಲೇ, ಚಿತ್ರದಲ್ಲಿ ನಿನ್ನ ಹೆಸರನ್ನು ದೊಡ್ಡದಾಗಿ ಹಾಕುತ್ತೇನೆ ಎಂದು ಹಲ್ಲುಗಿಂಜಿದ. ಆ ಹೆಸರು ಏನೆಂದು ಅವನಿಗೆ ಗೊತ್ತಿರಲಿಲ್ಲ. ಬೂದು ಗಲ್ಲಕ್ಕೇರಿತು. ತುಟಿ ಗಟ್ಟಿಯಾಗತೊಡಗಿತು. ಹಣೆಯಲ್ಲಿ ಒಂದು ಗೆರೆ ಮೂಡಿ, ಸಣ್ಣಗೆ, ಹುಬ್ಬಿನ ಕಡೆಗೆ ಇಳಿಯಿತು.

"ತಮ್ಮಾ," ಎಂದ. "ನಂದೂ ತೆಗಿಯೋ. ಒಂದೇ ಬೆರಳಲ್ವೇನೋ?"

ದೊಡ್ಡಮ್ಮನೂ ಅಣ್ಣನೂ ಪೇಂಟರನ ಮುಖ ನೋಡಿದರು.

ಪೇಂಟರ್ ಹೆಬ್ಬೆರಳನ್ನು ಮಡಚಿ ಸತ್ತ ಬೆರಳುಗಳ ಒಳಗೆ ಇಟ್ಟುಕೊಂಡ. ಬಾಗಿಲು ತಳ್ಳಿ, ಹಿಂದೆ ತಿರುಗದೆ, ಮಧ್ಯಾಹ್ನದ ಬಿಸಿಲಿಗೆ ನಡೆದುಹೋದ.