ಅಕ್ಕ ನುಂಗಿದ ಮಾತ್ರೆ

ಕುತ್ತಿಗೆಗೆ ಪಿಸ್ತೂಲು. ಕೈಗಳೆರಡನ್ನೂ ಕುರ್ಚಿಗೆ ಬಿಗಿದಿದ್ದರು. ಎದುರಿಗೆ, ನನ್ನಂತೆಯೇ ಸೆರೆಯಾಗಿ, ನನ್ನಕ್ಕ!

ನನ್ನ ಕುತ್ತಿಗೆ ಹೋದರೆ ಹೋಗಲಿ ಬಿಡಿ. ನಾನು ಪ್ರೈವೇಟ್ ಡಿಟೆಕ್ಟಿವ್ ಅಂದರೆ ಇನ್ಶೂರೆನ್ಸ್‌ನವನೂ ಕೈಮುಗಿದು ಜಾಗ ಖಾಲಿ ಮಾಡುತ್ತಾನೆ. ಆದರೆ ಅಕ್ಕನ ತಲೆಯೊಳಗೆ ಇದ್ದದ್ದು ಹೋಗಬಾರದಿತ್ತು.

ಅಕ್ಕ ಕ್ರೇನ್ ಆಪರೇಟರ್. ಬಿಲ್ಡರ್ ತನ್ನ ಇಂಜಿನಿಯರನ್ನು ಕಟ್ಟಡದ ತುದಿಯಿಂದ ತಳ್ಳಿದ್ದನ್ನು ಕ್ಯಾಬಿನ್ನಿನಿಂದ ಕಣ್ಣಾರೆ ಕಂಡವಳು. ತಳ್ಳಿದವನು ತಲೆಯೆತ್ತಿ ಅವಳನ್ನೇ ನೋಡಿದ್ದ. ಕತ್ತಿನ ಮೇಲೆ ಬೆರಳು ಎಳೆದು ತೋರಿಸಿದ್ದ.

ಅಂದಿನಿಂದ ಅವನ ಹೆಸರೆತ್ತಿದರೆ ಅಕ್ಕನಿಗೆ ನಡುಕ. ಮಾತೇ ಹೊರಡುತ್ತಿರಲಿಲ್ಲ.

ಬೇರೆ ಸಾಕ್ಷಿ ಇಲ್ಲ. ನಾಳೆ ಕೋರ್ಟು!

ಅವಳನ್ನು ಕೊಂದರೆ ಅನುಮಾನ ನೇರ ಅವನ ಮೇಲೆಯೇ. ಜಾಮೀನಿನ ಮೇಲಿದ್ದ ಬಿಲ್ಡರ್‌ಗೆ ಬೇಕಿದ್ದದ್ದು ಬದುಕಿರುವ, ತಲೆ ಖಾಲಿಯಾದ ಸಾಕ್ಷಿ. ಅದಕ್ಕೇ ನಮ್ಮಿಬ್ಬರ ಜೊತೆ ಒಬ್ಬ ಮನೋವೈದ್ಯೆಯನ್ನೂ ಕ್ಲಿನಿಕ್ಕಿನಿಂದ ಎತ್ತಿಕೊಂಡು ಬಂದಿದ್ದ.

"ಇವಳ ನೆನಪು ಅಳಿಸಿಬಿಡಿ ಡಾಕ್ಟ್ರೇ."

"ನೋಡಿ, ನೆನಪು ಅನ್ನೋದು ಕಲ್ಲಲ್ಲಿ ಕೊರೆದಿದ್ದಲ್ಲ. ನೆನೆಸಿಕೊಂಡಾಗ ಕೆಲವು ಗಂಟೆ ಮೆತ್ತಗಾಗುತ್ತೆ, ಆಮೇಲೆ ಮತ್ತೆ ಗಟ್ಟಿಯಾಗುತ್ತೆ. ಆ ಹೊತ್ತಲ್ಲಿ ಈ ಮಾತ್ರೆ ಕೆಲಸ ಮಾಡ್ತಿದ್ರೆ, ಭಯ..."

"ಲೆಕ್ಚರ್ ಬೇಡ! ಕೊಡಿ!"

ನುಂಗಿಸಿದರು. ಸ್ವಲ್ಪ ಹೊತ್ತು ಕಾದರು. ಆಮೇಲೆ ಮೊದಲಿನಿಂದ ಕೊನೆವರೆಗೆ ಎಲ್ಲ ಹೇಳಿಸಿದರು.

"ಅಕ್ಕಾ, ಹೇಳಬೇಡ!" ಕಿರುಚಿದೆ. ಪಿಸ್ತೂಲಿನ ಹಿಡಿ ದವಡೆಗೆ ಬಿತ್ತು. ಹಲ್ಲೊಂದು ಅಲ್ಲಾಡಿತು.

ನನ್ನ ಕುತ್ತಿಗೆಯ ಪಿಸ್ತೂಲಿಗೆ ಹೆದರಿ ಅಕ್ಕ ಅಳುತ್ತಾ, ನಡುಗುತ್ತಾ ಹೇಳಿ ಮುಗಿಸಿದಳು.

ಮರುದಿನ ಬೆಳಿಗ್ಗೆ ನಮ್ಮಿಬ್ಬರನ್ನೂ ತನ್ನ ಕಾರಿನಲ್ಲೇ ಕೋರ್ಟಿಗೆ ಹೊರಡಿಸಿದ, ಬಿಲ್ಡರ್ ಧಣಿ! ಮುಂದಿನ ಸೀಟಿನಿಂದ ತಿರುಗಿ ಕೇಳಿದ.

"ನಾನು ಯಾರು?"

ಅಕ್ಕ ಅವನನ್ನು ದಿಟ್ಟಿಸಿದಳು. "ಯಾರೋ ದೊಡ್ಡೋರಿರಬೇಕು. ಕಾರು ಚೆನ್ನಾಗಿದೆ."

ಅವನು ಹೊಟ್ಟೆ ಹಿಡಿದು ನಕ್ಕ. ಎಲ್ಲ ಅಳಿಸಿಹೋಯಿತು ಅಂದುಕೊಂಡೆ ನಾನು.

ಸಿಗ್ನಲ್ ಬಿತ್ತು. ಬಾಗಿಲು ತಳ್ಳಿದೆ. ಅಕ್ಕನ ಕೈ ಹಿಡಿದು ಓಟ!

ಹಿಂದೆ ಅವನ ಇಬ್ಬರು ದಾಂಡಿಗರು. ಟೈರಿನಂಗಡಿ ದಾಟಿ, ಪೆಟ್ರೋಲ್ ಬಂಕ್ ದಾಟಿ, ನಿಂತಿದ್ದ ಲಾರಿಗಳ ಸಂದಿಗೆ ನುಗ್ಗಿದೆವು. ಅಕ್ಕ ಕೈ ಕೊಡವಿಕೊಂಡಳು.

"ಯಾಕೋ ಓಡ್ತಿದೀಯಾ?"

"ಅಕ್ಕಾ... ನಾನು ಯಾರು ಗೊತ್ತಾ?"

"ನನ್ನ ತಮ್ಮ. ಹುಟ್ಟುದಡ್ಡ."

"ಅವನು?"

"ಕೊಲೆಗಾರ! ಇಂಜಿನಿಯರ್ ಸೇಫ್ಟಿ ಬೆಲ್ಟಿನ ಕೊಕ್ಕೆ ಬಿಚ್ಚಿ ತಳ್ಳಿದ. ಎಲ್ಲಾ ನೆನಪಿದೆ ಕಣೋ. ನಡುಕ ಮಾತ್ರ ಬರ್ತಿಲ್ಲ. ನೋಡು!"

ಕೈ ಚಾಚಿದಳು. ಒಂದು ಬೆರಳೂ ಅಲುಗಲಿಲ್ಲ.

ಆಗ ಹೊಳೆಯಿತು. ಮಾತ್ರೆ ಕಿತ್ತುಕೊಂಡದ್ದು ಭಯವನ್ನು, ನೆನಪನ್ನಲ್ಲ! ಎಲ್ಲರಿಗೂ ಹೀಗೆ ಫಲಿಸುತ್ತದೆಂಬ ಗ್ಯಾರಂಟಿ ಇಲ್ಲವೆಂದು ವೈದ್ಯೆ ಆಮೇಲೆ ಹೇಳಿದರು. ನನ್ನಕ್ಕನಿಗೆ ಫಲಿಸಿತ್ತು. ನನಗೆ ಅಳು ಬಂತು. ಅತ್ತೆ. ನಾಚಿಕೆಯೇನಿಲ್ಲ.

"ಮತ್ತೆ ಕಾರಲ್ಲಿ ಹಾಗ್ಯಾಕೆ ಅಂದೆ?"

"ಕೋರ್ಟಿಗೆ ಅವನೇ ಡ್ರಾಪ್ ಕೊಡ್ತಿದಾನೆ. ಬೇಡ ಅಂತೀಯಾ? ನಡಿ, ವಾಪಸ್ ಹತ್ತೋಣ."

ದಾಂಡಿಗರು ಏದುಸಿರು ಬಿಡುತ್ತಾ ಬಂದರು.

"ಬಂದ್ವಿ ಇರ್ರಪ್ಪಾ," ಎಂದಳು ಅಕ್ಕ. "ಕಾರಲ್ಲಿ ಕೂತ್ರೆ ಇವನಿಗೆ ವಾಂತಿ."

ಕೋರ್ಟಿನಲ್ಲಿ ಬಿಲ್ಡರ್ ಮೀಸೆಯಡಿ ನಗುತ್ತಾ ನಿಂತಿದ್ದ. ಅಕ್ಕ ಬಾಯಿ ತೆರೆದಳು. ಕೊಕ್ಕೆ... ಕೈ... ಇಂಜಿನಿಯರ್‌ನ ಕೊನೆಯ ಕೂಗು... ಒಂದನ್ನೂ ಬಿಡಲಿಲ್ಲ. ನಗು ಹಾರಿಹೋಯಿತು. ಬಿಲ್ಡರ್ ಕತ್ತಿನ ಮೇಲೆ ಮೆಲ್ಲಗೆ ಬೆರಳು ಎಳೆದ.

"ನೋಡಿ ಸ್ವಾಮಿ, ಅವತ್ತೂ ಹೀಗೇ ಮಾಡಿದ್ದು!" ಅಕ್ಕ ಕೈ ತೋರಿಸಿ ಗುಡುಗಿದಳು. "ಇನ್ನೊಂದ್ಸಲ ಮಾಡಯ್ಯಾ, ಜಡ್ಜ್ ಸಾಹೇಬ್ರು ಸರಿಯಾಗಿ ನೋಡ್ಲಿ!"

ಜಾಮೀನು ಅಲ್ಲೇ ರದ್ದಾಯಿತು. ಪೊಲೀಸರು ಎಳೆದೊಯ್ಯುವಾಗ ಅವನು ನನ್ನನ್ನು ಕಂಡು ಹಲ್ಲು ಕಡಿದ.

"ಆ ಡಾಕ್ಟರು ನಂಗೆ ಮೋಸ ಮಾಡಿದ್ಲು!"

"ಛೇ, ನೀವೇ ಪೂರ್ತಿ ಕೇಳಿಸ್ಕೊಳ್ಳಲಿಲ್ಲ ಸಾರ್," ಎಂದೆ. "ಜೈಲಲ್ಲಿ ಭಯ ಆದ್ರೆ ಹೇಳಿ ಕಳಿಸಿ. ಅವರ ಕೈಗುಣ ಹೇಗೆ ಅಂತ ನೋಡಿದ್ರಲ್ಲ!"